ಇತರೆ

ಸಾವಿರದ ಏಳುನೂರ ನಲವತ್ತೆರಡು ಸ್ಟೈಲು
ಒಂದೇ ಫೋಲ್ಡರಿನಲ್ಲಿ,
ಕಟ್ಟಿನಕೆರೆ ಮಾರ್ಕೆಟ್ಟಿನ ಸೊಪ್ಪಿನ ಹಾಗೆ
ಒಂದರ ಮೇಲೊಂದು ಬಿದ್ದಿವೆ.
ಜವರೇಶಣ್ಣ ಹೇಳಿದ್ದಿಷ್ಟೇ:
'ವಿಂಗಡಿಸಮ್ಮ. ಸ್ಟೇಜಿನ ಮೇಲೆ ಹುಡುಕ್ತಾ ಕೂತರೆ
ಮಾನ ಹೋಗುತ್ತೆ.'

ಮಾನ ಆಗಲೇ ಹೋಗಿತ್ತು, ಹೊಳೆನರಸೀಪುರದಲ್ಲಿ.
ಹೆಣ್ಣೊಪ್ಪಿಸುವ ಹೊತ್ತಿಗೆ
ನಾನು ಒತ್ತಿದ್ದು 'ಸ್ಲೋ ಸ್ಯಾಡ್ ಎರಡು',
ಬಂದದ್ದು ಬ್ರೆಜಿಲಿನ ಸಾಂಬಾ.
ಹುಡುಗಿಯ ಅಮ್ಮ ಅಳು ನಿಲ್ಲಿಸಿ
ನನ್ನನ್ನೇ ನೋಡಿದಳು.
ಸೋದರಮಾವ ಮಾತ್ರ, ಪಾಪ, ಕುಣಿದ.

ಸಾಲಗಾಮೆ ರಸ್ತೆ, ಪಂಕ್ಚರ್ ಅಂಗಡಿಯ ಮೇಲಿನ ಕೋಣೆ.
ಬಿಸಿಯೇರಿದ ಲ್ಯಾಪ್‌ಟಾಪಿನ ಕೆಳಗೆ
ಬೋರಲು ಹಾಕಿದ ಎರಡು ಸ್ಟೀಲ್ ಲೋಟ.
ತಾಲ್ಲೂಕು ಕಚೇರಿಯ ಗುಮಾಸ್ತನಂತೆ
ತಂತ್ರಾಂಶ ಕೇಳುತ್ತದೆ, ತಲೆಯೆತ್ತದೆ:
ವರ್ಗ? ವೇಗ? ಎಷ್ಟು ಮಾತ್ರೆ?
ನೆಟ್ಟಗಿನ ನಡೆಯೋ, ತೂಗುವ ನಡೆಯೋ?
ಅದಕ್ಕೆ ಗೊತ್ತಿರುವುದು ಹನ್ನೊಂದು ವರ್ಗ.
ಪಾಪ್, ರಾಕ್, ಜಾಜ್, ಕಂಟ್ರಿ, ವಾಲ್ಟ್ಸ್
ಎಂದೆಲ್ಲ ಮುಗಿದ ಮೇಲೆ
ಭೂಮಿಯ ಉಳಿದ ಭಾಗಕ್ಕೆಲ್ಲ ಒಂದೇ ಹೆಸರು,
ಇತರೆ.
ನಮ್ಮವು ಆರುನೂರು ಅಲ್ಲಿವೆ.

ಅಮ್ಮ ಮೂವತ್ತು ವರ್ಷ
ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ಆರಿಸಿದವಳು.
ದಪ್ಪ, ಮಧ್ಯಮ, ಗೋಲಿ, ಕೊಳೆತದ್ದು.
ಕಣ್ಣು ಬೇಕಿರಲಿಲ್ಲ. ಪಕ್ಕದವಳ ಸೊಸೆಯ ಸುದ್ದಿಗೆ
ಹೂಂಗುಟ್ಟುತ್ತಿರುವಾಗಲೇ
ಕೈ ತಾನಾಗಿ ಗುಡ್ಡೆ ಹುಡುಕಿ ಎಸೆಯುತ್ತಿತ್ತು.
ಕೇಳಿದೆ: 'ಯಾವುದಕ್ಕೂ ಸೇರದ್ದು ಬಂದರೆ?'
'ಸೆರಗಿಗೆ ಹಾಕ್ಕೊಂಡು ಬರ್ತಿದ್ದೆ.
ನೀನು ತಿಂದು ಬೆಳೆದದ್ದು ಅದನ್ನೇ.'

ಆ ರಾತ್ರಿ ಪಾಪು ರಾಕುಗಳನ್ನೆಲ್ಲ ಅಳಿಸಿ
ನನ್ನದೇ ಹೆಸರಿಟ್ಟೆ.
ಧಾರೆ ಮುಗಿದು ಎಲೆ ಹಾಕುವ ತನಕ.
ಶಾಸಕರು ಇನ್ನೂ ದಾರಿಯಲ್ಲಿದ್ದಾರೆ.
ಗಣಪತಿ, ಟ್ರ್ಯಾಕ್ಟರ್ ನಿಧಾನ.
ಗಣಪತಿ, ಪೊಲೀಸರು ಬಂದ ಮೇಲೆ.
ಗಾಯಕನಿಗೆ ಎರಡನೇ ಚರಣ ಮರೆತಿದೆ.
ಎಲ್ಲಿಯದೋ ಒಂದು ಬೋಸನೋವಾ
'ಹಿರಿಯರು ಊಟಕ್ಕೆ ಕೂತಿದ್ದಾರೆ' ಎಂಬಲ್ಲಿ
ಬೀಗರ ಮನೆಗೆ ಬಂದ ಹಾಗೆ
ಕಾಲು ಮಡಚಿ ಕೂತುಕೊಂಡಿತು.

ಬುಡೇನ್ ಸಾಬರದ್ದು ಮಾತ್ರ ಎಲ್ಲೂ ಕೂರಲಿಲ್ಲ.
ಹೋದ ಶ್ರಾವಣದಲ್ಲಿ ಹೊಸಲೈನ್ ರಸ್ತೆಯಿಂದ
ಢೋಲಕ್ ಹೆಗಲಿಗೇರಿಸಿ ನಡೆದೇ ಬಂದು
ನುಡಿಸಿ ಹೋಗಿದ್ದರು, ಮುನ್ನೂರೈವತ್ತಕ್ಕೆ.
ಏಳು ಮಾತ್ರೆ. ಐದನೆಯದರ ಮೇಲೆ
ಒಂದು ಕೂದಲೆಳೆ ತಡ.
ತಂತ್ರಾಂಶ ಕೆಂಪು ಗೆರೆ ಎಳೆದು ಕೇಳಿತು:
ಸರಿಪಡಿಸಲೇ?
ಹೂಂ ಎಂದೆ. ಹಾಕಿ ಕೇಳಿದೆ.
ಅಜ್ಜನಿಗೆ ಸ್ಕೂಲಿನ ಯೂನಿಫಾರಂ ತೊಡಿಸಿದಂತಿತ್ತು.
ಮೊದಲಿನ ಹಾಗೇ ಇರಲಿ ಎಂದು ಬಿಟ್ಟೆ.

ನಿನ್ನೆ ಅವರೇ ಬಂದರು, ಬಾಕಿಯಿದ್ದ ನೂರು ಕೇಳಲು.
ಕನ್ನಡಕ ಮೇಲೆತ್ತಿ ಸ್ಕ್ರೀನಿನತ್ತ ಬಗ್ಗಿ,
'ಇದರಲ್ಲಿ ನಾನು ಯಾವುದಮ್ಮ?'
ತೋರಿಸಿದೆ. ಒತ್ತಿದೆ.
ಕಣ್ಣು ಮುಚ್ಚಿ ಪೂರ್ತಿ ಕೇಳಿದರು;
ತೊಡೆಯ ಮೇಲೆ ಒಂದು ಬೆರಳೂ ಅಲುಗಲಿಲ್ಲ.
'ಇದು ನಾನಲ್ಲ,' ಎಂದರು.
'ಆವತ್ತು ಹಸಿವಾಗಿತ್ತು.
ಮೂರಕ್ಕೆ ಬನ್ನಿ ಅಂದಿದ್ದೆ, ಊಟ ಅಂದಿರಲಿಲ್ಲ ನೀನು.'

ಆ ಕೂದಲೆಳೆಯನ್ನು
ನಾನು ಶೈಲಿ ಎಂದುಕೊಂಡಿದ್ದೆ.
ಅವರ ಮನೆತನದ್ದು ಎಂದು
ಅರಸೀಕೆರೆಯ ತಬಲದವನ ಮುಂದೆ
ಕೊಚ್ಚಿಕೊಂಡೂ ಇದ್ದೆ.

ಕೆಳಗಿನಿಂದ ಎರಡು ಪ್ಲೇಟ್ ಚಿತ್ರಾನ್ನ ತರಿಸಿದೆ.
ತಿಂದು, ಕೈ ತೊಳೆದು,
ಢೋಲಕ್ ಇಲ್ಲವಲ್ಲ, ನನ್ನ ಮೇಜನ್ನೇ ಬಾರಿಸಿದರು.
ಐದರ ಮೇಲೆ ಈಗಲೂ ತಡ.
ಆದರೆ ಅದು ಬೇರೆಯೇ ತಡ.
ಲೋಟಗಳು ನಡುಗಿದವು, ಕೆಳಗೆ
ಟೈರು ಬಡಿಯುತ್ತಿದ್ದ ಹುಡುಗ ಬಡಿಯುವುದನ್ನು ಬಿಟ್ಟ.
ಮೈಕು ಹಚ್ಚಲು ನನಗೆ ನೆನಪಾಗಲಿಲ್ಲ.

ಹಸಿವಿನದ್ದಕ್ಕೆ ಫೈಲಿದೆ.
ಇನ್ನೊಂದಕ್ಕೆ ಅವರ ಹೆಸರಿನ ಖಾಲಿ ಫೋಲ್ಡರು.
ಗುರುವಾರ ಬರುತ್ತಾರಂತೆ, ಒಂದು ಗಂಟೆಗೆ ಕರೆದಿದ್ದೇನೆ.
ಅಮ್ಮನಿಗೆ ಹೇಳಬೇಕು,
ಅಕ್ಕಿ ಒಂದು ಪಾವು ಜಾಸ್ತಿ.